ತಾಯಿ ಗುರುವಾಗುವ ಮನೆ

ಮಕ್ಕಳನ್ನು ಶಾಲೆಗೆ ಸೇರಿಸದೆ ಮನೆಯಲ್ಲೇ ಓದಿಸುವ ಕ್ರಮಕ್ಕೆ ಹೋಮ್‌ಸ್ಕೂಲಿಂಗ್ ಎಂಬ ಹೆಸರು ಈಗ ಕನ್ನಡದಲ್ಲೂ ರೂಢಿಯಾಗಿದೆ. ಈ ಕೆಲಸದ ಬಹುಪಾಲು ಬೀಳುವುದು ತಾಯಿಯ ಮೇಲೆ. ದೋಸೆ ಹುಯ್ಯುತ್ತಲೇ ಮಗ್ಗಿ ಒಪ್ಪಿಸಿಕೊಳ್ಳುವ, ದೇವರಿಗೆ ಹೂ ಕೊಯ್ಯುವಾಗ ಎಸಳು ಎಣಿಸಲು ಹೇಳುವ, ಸಂಜೆ ದೀಪ ಹಚ್ಚಿದ ಮೇಲೆ ಕಾಪಿ ಬರೆಸುವ ಹೆಂಗಸಿಗೆ ಅಡುಗೆ, ಪೂಜೆ, ಪಾಠ ಎಂಬ ಮೂರು ಗಂಟೆಗಳು ಬೇರೆ ಬೇರೆಯಾಗಿ ಬಾರಿಸುವುದಿಲ್ಲ. ಇಂಥ ಬದುಕಿನ ಬಗ್ಗೆ ಶಿಕ್ಷಣಶಾಸ್ತ್ರ ಕೇಳುವ ಪ್ರಶ್ನೆಗಳು ಒಂದು ಬಗೆಯವು: ಮಗು ಏನು ಕಲಿತಿತು, ಎಷ್ಟು ಕಲಿತಿತು. ಧರ್ಮಚಿಂತನೆಯ ಪ್ರಶ್ನೆ ಬೇರೆ. ಈ ದಿನಚರಿ ತಾಯಿಗೆ ಸಾಧನೆಯೋ, ಇನ್ನಷ್ಟು ಬಿಗಿಯಾದ ಸಂಸಾರಬಂಧನವೋ? ಹೆತ್ತವಳು ಗುರುವೂ ಆಗಬಲ್ಲಳೇ? ಆಗಬಲ್ಲಳಾದರೆ ಎಲ್ಲಿಯವರೆಗೆ?

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಈ ಪ್ರಶ್ನೆಯನ್ನು ಗಾಳಿಯಲ್ಲಿ ಚರ್ಚಿಸಬೇಕಾಗಿಲ್ಲ. ಕನ್ನಡ ನಾಡಿನ ಹಳೆಯ ವಿದ್ಯಾಕೇಂದ್ರಗಳಲ್ಲಿ ಎರಡು ಇಲ್ಲಿದ್ದವು. ಮನೆ ಬಿಟ್ಟು ಹೊರಟ ಅಕ್ಕಮಹಾದೇವಿ ಹುಟ್ಟಿದ್ದು ಇಲ್ಲಿ, ಅಂಗಳ ಗುಡಿಸುವುದನ್ನೇ ಪೂಜೆ ಮಾಡಿಕೊಂಡ ಸತ್ಯಕ್ಕನ ಊರೂ ಇಲ್ಲಿಯೇ. ತಾಯಿಯಿಂದ ಮಗಳಿಗೆ ಇಳಿದು ಬಂದ ವಿದ್ಯೆಯೊಂದು ಇವತ್ತಿಗೂ ಇಲ್ಲಿಯ ಗೋಡೆಗಳ ಮೇಲಿದೆ.

ಮೊದಲು ವಿದ್ಯಾಕೇಂದ್ರಗಳ ಮಾತು. ಒಂದು ಶಿಕಾರಿಪುರ ತಾಲ್ಲೂಕಿನ ತಾಳಗುಂದ. ಅಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ 5ನೇ ಶತಮಾನದ ಕಂಬದಲ್ಲಿ ಕುಬ್ಜ ಕವಿಯ ಸಂಸ್ಕೃತ ಶಾಸನವಿದೆ. ಕದಂಬ ವಂಶದ ಮೂಲಪುರುಷ ಮಯೂರಶರ್ಮ ವೇದಾಧ್ಯಯನ ಪೂರ್ತಿಗೊಳಿಸಲು ಕಂಚಿಯ ಘಟಿಕಾಸ್ಥಾನಕ್ಕೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಂದಿಗೆ ಜಗಳವಾಗಿ ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದದ್ದು ಅದರಲ್ಲಿ ಬರುತ್ತದೆ. ಕಂಚಿಗೆ ಅವನೊಬ್ಬನೇ ಹೋಗಲಿಲ್ಲ. ಗುರು ವೀರಶರ್ಮ ಜೊತೆಗಿದ್ದ. ಈ ವೀರಶರ್ಮ ಮಯೂರಶರ್ಮನ ಅಜ್ಜ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಹಾಗಾದರೆ ಕನ್ನಡ ನಾಡಿನ ಮೊದಲ ರಾಜವಂಶದ ಕಥೆ ಶುರುವಾಗುವುದೇ ಮನೆಯಲ್ಲಿ ಕಲಿತು, ಮನೆಯ ಗುರುವಿನ ಜೊತೆಯಲ್ಲೇ ದೊಡ್ಡ ಶಾಲೆಗೆ ಹೊರಟ ವಿದ್ಯಾರ್ಥಿಯಿಂದ. ಅಜ್ಜನ ಹೆಸರು ಕಲ್ಲಿನಲ್ಲಿ ಉಳಿದಿದೆ. ಆ ಹುಡುಗನಿಗೆ ಮಾತು ಕಲಿಸಿದವಳ ಹೆಸರು ಉಳಿದಿಲ್ಲ. ಮನೆಶಿಕ್ಷಣದ ಇತಿಹಾಸ ಬರೆಯಹೊರಟವರಿಗೆಲ್ಲ ಎದುರಾಗುವ ತೊಡಕು ಇದು.

ಎರಡನೆಯದು ಬಳ್ಳಿಗಾವೆಯ ಕೋಡಿಯ ಮಠ. ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಈ ಕಾಳಾಮುಖ ಶೈವ ಮಠವನ್ನು 1162ರ ಶಾಸನವೊಂದು ಬಣ್ಣಿಸುತ್ತದೆ. ನಾಲ್ಕು ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳು, ಲಾಕುಳ ಸಿದ್ಧಾಂತ, ಪತಂಜಲಿಯ ಯೋಗ, ಪುರಾಣ, ಕಾವ್ಯ, ನಾಟಕ ಎಲ್ಲವನ್ನೂ ಅಲ್ಲಿ ಓದಿಸುತ್ತಿದ್ದರು. ಇಲ್ಲಿ ಮುಖ್ಯವಾದದ್ದು ಶಾಸನದ ಪಟ್ಟಿ ವ್ಯಾಕರಣ, ದರ್ಶನಗಳಿಗೆ ನಿಲ್ಲುವುದಿಲ್ಲ ಎಂಬುದು. ಅದೇ ಉಸಿರಿನಲ್ಲಿ ಅದು ಮುಂದುವರಿಯುತ್ತದೆ: ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ, ಕುಣಿಯುವವರಿಗೆ ಅನ್ನ ಕೊಡುವ ಸ್ಥಳ ಅದು, ರೋಗಿಗಳಿಗೆ ಮದ್ದು ಸಿಗುವ ಸ್ಥಳ, ಸಕಲ ಜೀವಿಗಳಿಗೂ ಅಭಯವಿದ್ದ ಸ್ಥಳ. ಓದು, ಒಲೆ, ಔಷಧಿ ಒಂದೇ ಸೂರಿನಡಿ, ಒಂದೇ ಧರ್ಮದ ಕೆಲಸಗಳಾಗಿದ್ದವು. ಅವುಗಳನ್ನು ಮೂರು ಕಟ್ಟಡಗಳಿಗೆ, ಮೂರು ಇಲಾಖೆಗಳಿಗೆ ಹಂಚಿದ್ದು ಆಧುನಿಕ ಕಾಲ. ಜ್ವರ ಬಂದ ಮಗುವಿಗೆ ಕಷಾಯ ಕಾಯಿಸಿ ಕೊಟ್ಟು, ಪಕ್ಕದಲ್ಲೇ ಕೂತು ಕಥೆ ಓದಿ ಹೇಳುವ ತಾಯಿಯ ಮನೆಯಲ್ಲಿ ಆ ಹಂಚಿಕೆ ಪೂರ್ತಿ ಆಗಿಲ್ಲ. ಮನೆಶಿಕ್ಷಣದ ಪರವಾಗಿ ಹೇಳಬಹುದಾದ ಒಳ್ಳೆಯ ಮಾತು ಇದೇ ಇರಬೇಕು. ಆದರೆ ಮಠದ ಅನ್ನ ದಾರಿಹೋಕರಿಗೂ ತೆರೆದಿತ್ತು. ಮನೆಯ ಒಲೆ ಯಾರಿಗೆಲ್ಲ ತೆರೆದಿದೆ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಶಾಸ್ತ್ರಗ್ರಂಥಗಳು ತಾಯಿಯ ಗುರುತ್ವದ ಬಗ್ಗೆ ಏನನ್ನುತ್ತವೆ ಎಂದು ನೋಡಿದರೆ ಉತ್ತರ ಒಂದೇ ಸಮನಾಗಿಲ್ಲ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ ದೇವರಂತೆ ಕಾಣಬೇಕಾದವರ ಸಾಲಿನಲ್ಲಿ ತಾಯಿಯನ್ನು ಮೊದಲಿಡುತ್ತದೆ. ತಂದೆ, ಆಚಾರ್ಯ, ಅತಿಥಿ ಆಮೇಲೆ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ ಜನಕನಿಗೆ ಉಪದೇಶಿಸುವಾಗ, ಸರಿಯಾಗಿ ಕಲಿತವನನ್ನು ತಾಯಿಯಿಂದ, ತಂದೆಯಿಂದ, ಆಚಾರ್ಯನಿಂದ ಶಿಕ್ಷಣ ಪಡೆದವನು ಎಂದು ಗುರುತಿಸುತ್ತಾನೆ. ಅಲ್ಲಿಯೂ ಮೊದಲು ತಾಯಿ, ಆದರೆ ತಾಯಿ ಒಬ್ಬಳೇ ಅಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯವಂತೂ ಗೌರವದಲ್ಲಿ ತಾಯಿ ಸಾವಿರ ತಂದೆಯರಿಗೂ ಮಿಗಿಲು ಎಂದು ಹೇಳಿ, ಮರುಶ್ಲೋಕದಲ್ಲೇ ಹುಟ್ಟಿಸಿದವನಿಗಿಂತ ವೇದ ಕೊಟ್ಟವನು ದೊಡ್ಡವನು ಎಂದುಬಿಡುತ್ತದೆ. ಗೌರವ ತಾಯಿಗೆ, ಅಧಿಕಾರ ಇನ್ನೊಬ್ಬರಿಗೆ. ತಾಯಿಯನ್ನು ಹಾಡಿಹೊಗಳುವ ಬಹಳಷ್ಟು ಭಾಷಣಗಳು ಇಂದಿಗೂ ಇದೇ ದಾರಿಯಲ್ಲಿವೆ.

ಈ ಗಡಿ ಎಲ್ಲಿ ಬೀಳುತ್ತದೆ ಎಂಬುದನ್ನು ಆಚರಣೆಗಳು ಕಣ್ಣಿಗೆ ಕಾಣುವಂತೆ ತೋರಿಸುತ್ತವೆ. ಅಕ್ಷರಾಭ್ಯಾಸದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಪುಟ್ಟ ಬೆರಳು ಹಿಡಿದು ಮೊದಲ ಅಕ್ಷರ ತಿದ್ದಿಸುತ್ತಾರೆ. ಅಲ್ಲಿ ಹೆತ್ತವರ ಕೈಯೇ ಗುರುವಿನ ಕೈ. ಕೆಲವೇ ವರ್ಷಗಳ ನಂತರ ಉಪನಯನವಾಗುವ ಮನೆಗಳಲ್ಲಿ ಮಾತೃಭೋಜನ ನಡೆಯುತ್ತದೆ. ವಟು ತಾಯಿಯ ಜೊತೆ ಕೂತು ಉಣ್ಣುತ್ತಾನೆ. ಆ ಊಟದಿಂದ ಎದ್ದ ಮೇಲೆ ಅವನು ಗುರುವಿನವನು. ಬ್ರಹ್ಮೋಪದೇಶವಾದ ಬಳಿಕ ಭಿಕ್ಷೆ ಬೇಡಲು ಮೊದಲು ಬರುವುದು ತಾಯಿಯ ಮುಂದೆ. ಬೆಳಗ್ಗೆ ತುತ್ತು ಕೊಟ್ಟವಳು ಮಧ್ಯಾಹ್ನ ಭಿಕ್ಷೆ ಹಾಕುತ್ತಾಳೆ. ಗಂಡುಮಕ್ಕಳಿಗೆ, ಅದೂ ಕೆಲವು ಜಾತಿಗಳಿಗೆ ಮಾತ್ರ ಸೀಮಿತವಾದ ಸಂಸ್ಕಾರ ಇದು, ಆ ಮಿತಿಯನ್ನು ಮರೆಯುವಂತಿಲ್ಲ. ಆದರೂ ತಾಯಿಯ ಪಾಠಕ್ಕೆ ಕೊನೆಯೊಂದಿದೆ, ಆ ಕೊನೆಯನ್ನು ಅಳುತ್ತಾ ಅಲ್ಲ, ಹಬ್ಬದೂಟದ ನಡುವೆ ಒಪ್ಪಿಕೊಳ್ಳಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ಲಿಂಗಾಯತ ಮನೆಗಳಲ್ಲಿ ಕ್ರಮ ಬೇರೆ. ಇಷ್ಟಲಿಂಗ ಹೆಣ್ಣಿಗೂ ಗಂಡಿಗೂ ಒಂದೇ. ಕೂಸಿಗೆ ಲಿಂಗಧಾರಣೆ ಮಾಡುವ ಪದ್ಧತಿಯಿದೆ, ಬುದ್ಧಿ ತಿಳಿದ ಮೇಲೆ ಗುರುವಿನಿಂದ ದೀಕ್ಷೆ. ನಡುವಿನ ವರ್ಷಗಳಲ್ಲಿ ಅಂಗೈಯಲ್ಲಿ ಲಿಂಗ ಹಿಡಿಯುವುದು ಹೇಗೆ, ವಿಭೂತಿ ಧರಿಸುವುದು ಹೇಗೆ ಎಂಬುದನ್ನು ಮಗು ಕಲಿಯುವುದು ತಾಯಿಯನ್ನು ನೋಡಿ. ಇಲ್ಲಿ ತಾಯಿ ಸ್ವತಃ ಪೂಜಿಸುವವಳು, ಪೂಜೆಗೆ ಅಣಿಮಾಡಿ ಕೊಡುವವಳಷ್ಟೇ ಅಲ್ಲ. ಮನೆಶಿಕ್ಷಣದ ದೃಷ್ಟಿಯಿಂದ ಈ ವ್ಯತ್ಯಾಸ ಸಣ್ಣದಲ್ಲ.

ವಚನ ಪರಂಪರೆಗೆ ಬಂದರೆ ಈ ಸೀಮೆಯ ಇಬ್ಬರು ಶರಣೆಯರು ಎರಡು ದಾರಿ ತೋರುತ್ತಾರೆ. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ ಕೌಶಿಕನ ಅರಮನೆಯನ್ನೂ ಸಂಸಾರವನ್ನೂ ಬಿಟ್ಟು ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲದ ಕದಳಿಗೆ ಹೋದಳು. ಪಾಠ ಹೇಳುವ ತಾಯಂದಿರು ಅಕ್ಕನ ಕಥೆಯನ್ನು ಮಕ್ಕಳಿಗೆ ಹೇಳುವಾಗ ಒಂದು ವೈಚಿತ್ರ್ಯ ಗಮನಕ್ಕೆ ಬರದೇ ಇರದು: ಮನೆಯೊಳಗೇ ಇದ್ದು ಕಲಿಸುವವಳು ಮನೆ ಬಿಟ್ಟವಳನ್ನು ಆದರ್ಶವೆಂದು ಹೇಳುತ್ತಿದ್ದಾಳೆ. ಅಕ್ಕನ ತಾಯಿಯನ್ನು ಕೆಲವು ಕಾವ್ಯಗಳು ಶಿವಭಕ್ತೆಯೆಂದು ಹೊಗಳಿ ಮುಂದೆ ಹೋಗುತ್ತವೆ. ಆದರೆ ಚಿಕ್ಕಂದಿನಲ್ಲೇ ಲಿಂಗಪೂಜೆಯಲ್ಲಿ ಮುಳುಗುತ್ತಿದ್ದ ಮಗಳಿಗೆ ಆ ರುಚಿ ಹತ್ತಿದ್ದು ಮನೆಯಲ್ಲೇ. ಹೆತ್ತವರು ಮನಸಾರೆ ಕಲಿಸಿದ ಭಕ್ತಿ ಹೆತ್ತವರ ಲೆಕ್ಕಾಚಾರವನ್ನೇ ಮೀರಿ ಹೋಯಿತು. ಮನೆಯಲ್ಲಿ ಧರ್ಮ ಕಲಿಸಿದರೆ ಮಕ್ಕಳು ಹೇಳಿದಂತೆ ಕೇಳಿಕೊಂಡಿರುತ್ತಾರೆ ಎಂದು ನಂಬುವವರು ಉಡುತಡಿಯ ಈ ಮನೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಅದೇ ತಾಲ್ಲೂಕಿನ ಹಿರೇಜಂಬೂರಿನ ಸತ್ಯಕ್ಕ ಎಲ್ಲಿಗೂ ಹೋಗಲಿಲ್ಲ. ಶಿವಭಕ್ತರ ಮನೆಗಳ ಅಂಗಳ ಗುಡಿಸುವುದು ಅವಳ ಕಾಯಕ, ಶಂಭುಜಕ್ಕೇಶ್ವರ ಅವಳ ವಚನಗಳ ಅಂಕಿತ. ದಾರಿಯಲ್ಲಿ ಹೊನ್ನೋ ವಸ್ತ್ರವೋ ಬಿದ್ದಿದ್ದರೂ ಕೈಯಲ್ಲಿ ಮುಟ್ಟಿ ಎತ್ತುವವಳಲ್ಲ ಎಂಬುದು ಅವಳ ವಚನವೊಂದರ ಪ್ರತಿಜ್ಞೆ. ಕಸ ಗುಡಿಸುವವಳ ಕಣ್ಣು ದಿನವೂ ನೆಲದ ಮೇಲೆಯೇ ಇರುತ್ತದೆ. ಆ ಪ್ರತಿಜ್ಞೆ ಅವಳ ಕೆಲಸದಿಂದಲೇ ಹುಟ್ಟಿದ್ದು ಎಂದು ಊಹಿಸಬಹುದು. ಮನೆಗೆಲಸದ ಮಧ್ಯೆ ಪಾಠ ಹೇಳುವ ತಾಯಿಗೆ ಈ ಪರಂಪರೆಯಲ್ಲಿ ಹತ್ತಿರದವಳು ಸತ್ಯಕ್ಕನೇ. ದಿನವೂ ಮಾಡಿ ದಿನವೂ ಅಳಿಸಿಹೋಗುವ ಕೆಲಸ ಇಬ್ಬರದ್ದೂ. ಇವತ್ತು ಕಲಿಸಿದ ಕಳೆಯುವ ಲೆಕ್ಕ ನಾಳೆ ಮರೆತಿರುತ್ತದೆ, ಮತ್ತೆ ಮೊದಲಿಂದ ಹೇಳಬೇಕು. ಅದರಲ್ಲಿ ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ಕಾಯಕ ತತ್ತ್ವ ಬೇಸರವಿಲ್ಲವೆಂದು ಹೇಳುವುದೂ ಇಲ್ಲ. ಕೆಲಸದಲ್ಲಿ ಮೇಲು ಕೀಳು ಇಲ್ಲ, ಕೆಲಸ ಮುಗಿಸಿ ಪೂಜೆಗೆ ಹೋಗಬೇಕಾದ್ದಿಲ್ಲ ಎನ್ನುತ್ತದೆ ಅಷ್ಟೆ.

ಕಾಯಕಕ್ಕೆ ಒಂದು ಷರತ್ತೂ ಇದೆ. ಅದನ್ನು ಸ್ಪಷ್ಟ ಮಾಡಿದವಳು ರಾಯಚೂರು ಸೀಮೆಯ ಆಯ್ದಕ್ಕಿ ಲಕ್ಕಮ್ಮ. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ ಗಂಡ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಬೇಕಾದ್ದಕ್ಕಿಂತ ಹೆಚ್ಚಿನದು ಆಸೆಯೆಂದು ಹೇಳಿ ಅವಳು ಅದನ್ನು ಅಲ್ಲಿಯೇ ಸುರಿದು ಬರಲು ಕಳಿಸಿದಳು. ಮನೆಶಿಕ್ಷಣಕ್ಕೆ ಈ ಮಾತು ನೇರವಾಗಿ ತಟ್ಟುತ್ತದೆ. ಶಾಲೆಯಲ್ಲಿ ನಲವತ್ತು ಮಕ್ಕಳ ಮೇಲೆ ಹರಡಿಹೋಗುವ ಗಮನ ಮನೆಯಲ್ಲಿ ಒಂದು ಮಗುವಿನ ಮೇಲೆ ಬೀಳುತ್ತದೆ. ಐದು ವರ್ಷಕ್ಕೆ ಓದಬೇಕು, ಏಳಕ್ಕೆ ಶ್ಲೋಕ ಬಾಯಿಪಾಠ, ಹತ್ತಕ್ಕೆ ಸಂಗೀತದ ಜೂನಿಯರ್ ಪರೀಕ್ಷೆ, ನೆಂಟರು ಬಂದಾಗ ಒಪ್ಪಿಸಿ ತೋರಿಸಬೇಕು. ಮಗುವನ್ನು ಶಾಲೆಯ ಒತ್ತಡದಿಂದ ಬಿಡಿಸಿ ತಂದ ತಾಯಿಯೇ ಇನ್ನೊಂದು ಒತ್ತಡವಾಗುವುದು ಹೀಗೆ. ಹೆಚ್ಚು ಆಯ್ದು ತಂದ ಅಕ್ಕಿ ಅದು, ಲಕ್ಕಮ್ಮನ ಅಳತೆಯಲ್ಲಿ.

ಶಾಲೆ ಇಲ್ಲದೆ, ಪರೀಕ್ಷೆ ಇಲ್ಲದೆ ತಾಯಂದಿರು ಕಲಿಸಿದ ವಿದ್ಯೆ ಹೇಗಿರುತ್ತದೆ ಎಂದು ತಿಳಿಯಲು ಸೊರಬ, ಶಿಕಾರಿಪುರ, ಸಾಗರ ತಾಲ್ಲೂಕುಗಳ ದೀವರು ಸಮುದಾಯದ ಮನೆಗಳ ಹಸೆ ಚಿತ್ತಾರ ನೋಡಬೇಕು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹೆಂಗಸರು ಬರೆಯುವ ಚಿತ್ರಗಳು ಇವು. ಅಕ್ಕಿ ನೆನೆಸಿ ರುಬ್ಬಿದರೆ ಬಿಳಿ ಬಣ್ಣ, ಅಕ್ಕಿಯನ್ನೇ ಕರಿಕಾಗುವಂತೆ ಹುರಿದರೆ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚ ಪುಂಡಿ ನಾರಿನದು. ಒಂದು ಗೆರೆ ಎಳೆದು ಅದರ ಪಕ್ಕ ಕೂದಲೆಳೆಯಷ್ಟು ಜಾಗ ಬಿಟ್ಟು ಇನ್ನೊಂದು, ಮತ್ತೊಂದು. ಗೆರೆಗಳು ಕೂಡಿ ತೇರು, ಬಾಸಿಂಗ, ಭತ್ತದ ತೆನೆ ಮೂಡುತ್ತವೆ. ಹುಡುಗಿಗೆ ಮೊದಲು ಸಿಗುವುದು ಬಣ್ಣ ಅರೆಯುವ ಕೆಲಸ. ಆಮೇಲೆ ಗೋಡೆಯ ಮೂಲೆಯಲ್ಲಿ ಒಂದಿಷ್ಟು ಜಾಗ. ತಪ್ಪಿದರೆ ತಾಯಿ ಬೈಯುವುದಕ್ಕಿಂತ ಕೆಮ್ಮಣ್ಣು ಬಳಿದು ಮತ್ತೆ ಎಳೆ ಎನ್ನುವುದೇ ಹೆಚ್ಚು. ಸಮಾನಾಂತರ ರೇಖೆ, ಸಮಮಿತಿ, ಅನುಪಾತ ಎಂಬ ಹೆಸರುಗಳಿಲ್ಲದೆಯೇ ಅವೆಲ್ಲ ಕೈಗೆ ಬರುತ್ತವೆ.

ಈ ಕಲಿಕೆ ಪೂಜೆಯಿಂದ ಬೇರೆಯಾಗಿಲ್ಲ. ದಸರಾ ಕಳೆದು ಸೀಗೆ ಹುಣ್ಣಿಮೆಯಂದು ಭೂಮಿ ಹುಣ್ಣಿಮೆ. ಅದಕ್ಕಾಗಿ ಬಿದಿರ ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುತ್ತಾರೆ, ಅದೇ ಭೂಮಣ್ಣಿ ಬುಟ್ಟಿ. ತೆನೆಯಲ್ಲಿ ಹಾಲು ತುಂಬುವ ಹೊತ್ತು ಅದು. ಬಸುರಿ ಭೂಮಿಗೆ ಬಯಕೆ ಬಡಿಸುವ ಹಬ್ಬ. ಹಿಂದಿನ ರಾತ್ರಿಯೆಲ್ಲ ಹೆಂಗಸರು ಎದ್ದಿದ್ದು ಕಡುಬು ಬೇಯಿಸಿ, ಹತ್ತಾರು ಬಗೆಯ ಸೊಪ್ಪು ಹಾಕಿ ಹಚ್ಚಂಬಲಿ ಮಾಡುತ್ತಾರೆ. ಬೆಳಕು ಹರಿಯುವ ಮೊದಲೇ ಬುಟ್ಟಿ ಗದ್ದೆ ಸೇರುತ್ತದೆ, ಹಚ್ಚಂಬಲಿಯನ್ನು ಪೈರಿನ ಮೇಲೆ ಬೀರುತ್ತಾರೆ. ಯಾವ ಸೊಪ್ಪು ತಿನ್ನಬಹುದು, ಯಾವುದು ಕಹಿ, ಯಾವುದು ಬೇಲಿಯಲ್ಲಿ ಸಿಗುತ್ತದೆ ಎಂಬುದನ್ನು ಮಗು ಸೊಪ್ಪು ಕೊಯ್ಯಲು ಜೊತೆಗೆ ಹೋಗಿಯೇ ಕಲಿಯಬೇಕು. ಧರ್ಮ ಇಲ್ಲಿ ಉಪದೇಶವಾಗಿ ಬರುವುದಿಲ್ಲ. ಭೂಮಿಗೆ ಉಣಿಸಿ ತಾನು ಉಣ್ಣಬೇಕು ಎಂಬ ಕ್ರಮವನ್ನು ಮಗು ಹಸಿದ ಹೊಟ್ಟೆಯಲ್ಲಿ ಕಾದು ಕಲಿಯುತ್ತದೆ. ಅಮೆರಿಕದಲ್ಲಿ ಮನೆಯಲ್ಲೇ ಓದಿಸುವ ಅನೇಕ ಕ್ರೈಸ್ತ ಕುಟುಂಬಗಳು ಬೈಬಲನ್ನು ಪಠ್ಯದ ನಡುವೆ ಇಟ್ಟುಕೊಳ್ಳುತ್ತವೆ. ಮಲೆನಾಡಿನ ಅಂಚಿನ ಈ ಮನೆಗಳಲ್ಲಿ ಧರ್ಮದ ಪಠ್ಯವೇ ಇಲ್ಲ, ಪಂಚಾಂಗವಿದೆ. ಆದರೆ ಇದನ್ನು ಅತಿಯಾಗಿ ಕೊಂಡಾಡುವುದೂ ಬೇಡ. ಚಿತ್ತಾರ ಬಲ್ಲ ಅಜ್ಜಿಯರಲ್ಲಿ ಎಷ್ಟೋ ಮಂದಿಗೆ ಓದುಬರಹ ಬರುತ್ತಿರಲಿಲ್ಲ, ಜಮೀನಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕಾಗಿತ್ತು. ಆ ಮನೆಗಳ ಹೆಣ್ಣುಮಕ್ಕಳಿಗೆ ಅಕ್ಷರ ಕೊಟ್ಟದ್ದು ಊರ ಸರ್ಕಾರಿ ಶಾಲೆ.

ಇನ್ನು ಗಟ್ಟಿಯಾದ ತೊಡಕಿಗೆ ಬರಬಹುದು. ಗುರುವಿನ ಕೆಲಸ ಶಿಷ್ಯನಿಗೆ ತಾನು ಬೇಡವಾಗುವಂತೆ ಮಾಡುವುದು. ಬಳ್ಳಿಗಾವೆಯಲ್ಲಿ ಹುಟ್ಟಿದನೆನ್ನಲಾದ ಅಲ್ಲಮಪ್ರಭು ಶೂನ್ಯಸಂಪಾದನೆಗಳಲ್ಲಿ ಯಾರನ್ನೂ ಹಾಗೇ ಒಪ್ಪುವುದಿಲ್ಲ. ಕಲ್ಯಾಣಕ್ಕೆ ಬಂದ ಅಕ್ಕನನ್ನೂ ಕಟುವಾಗಿ ಪ್ರಶ್ನಿಸಿ, ಉತ್ತರ ಕೇಳಿದ ಮೇಲೆಯೇ ತಲೆಬಾಗುತ್ತಾನೆ. ಅಷ್ಟು ನಿಷ್ಠುರವಾಗಿ ತಾಯಿ ತನ್ನ ಮಗುವನ್ನು ಪ್ರಶ್ನಿಸಬಲ್ಲಳೇ? ಮಗು ತಪ್ಪಿದರೆ ತಾನೇ ತಪ್ಪಿದಂತೆ ನೋಯುವವಳು ಅವಳು. ಮಮಕಾರ ತಾಯ್ತನದ ದೋಷವಲ್ಲ, ಅದಿಲ್ಲದೆ ಕೂಸು ಬದುಕುವುದಿಲ್ಲ. ಆದರೆ ಅದೇ ಮಮಕಾರ ಕಲಿಸುವಾಗ ಕಣ್ಣಿಗೆ ಅಡ್ಡ ಬರುತ್ತದೆ. ಒಂದೋ ಮಗುವಿನ ಕೊರತೆ ಕಾಣುವುದೇ ಇಲ್ಲ, ಇಲ್ಲವೇ ಕೊರತೆಯ ಹೊರತು ಬೇರೇನೂ ಕಾಣುವುದಿಲ್ಲ. ತಂದೆಗೂ ಇದು ತಪ್ಪಿದ್ದಲ್ಲ. ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿ ಮಕ್ಕಳನ್ನು ರೂಢಿಯ ಶಾಲೆಗೆ ಕಳಿಸದೆ ತಾವೇ ಕಲಿಸಲು ನಿಂತರು. ಹಿರಿಯ ಮಗ ಹರಿಲಾಲನಿಗೆ ಶಾಲೆ ಬೇಕಿತ್ತು, 1911ರಲ್ಲಿ ಅವನು ತಂದೆಯನ್ನು ಬಿಟ್ಟು ಓದಲೆಂದು ಭಾರತಕ್ಕೆ ಹೊರಟ. ಮಕ್ಕಳಿಗೆ ಈ ವಿಷಯದಲ್ಲಿ ಅಸಮಾಧಾನವಿತ್ತೆಂದು ಆತ್ಮಕಥೆಯಲ್ಲಿ ಗಾಂಧೀಜಿಯೇ ಬರೆದಿದ್ದಾರೆ. ಹೆತ್ತವರ ಸತ್ಯನಿಷ್ಠೆ ಎಷ್ಟೇ ದೊಡ್ಡದಿರಲಿ, ಅದರ ಬೆಲೆ ತೆರುವವರು ಮಕ್ಕಳಾದಾಗ ಪ್ರಶ್ನೆ ಉಳಿದೇ ಉಳಿಯುತ್ತದೆ.

ಬಿಟ್ಟುಕೊಡುವುದು ಹೇಗೆ ಎಂಬುದಕ್ಕೆ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವೊಂದರಲ್ಲಿ ಒಂದು ನಿದರ್ಶನವಿದೆ. 10ನೇ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ನಾಗರಖಂಡ ಎಪ್ಪತ್ತು ಎಂಬ ನಾಡಿನ ಆಡಳಿತ ನೋಡುತ್ತಿದ್ದ ನಾಳ್ಗಾವುಂಡ ಸತ್ತಾಗ ಅವನ ಹೆಂಡತಿ ಜಕ್ಕಿಯಬ್ಬೆಗೆ ಅಧಿಕಾರ ಸಿಕ್ಕಿತು. ಅವಳು ಆಡಳಿತದಲ್ಲಿ ನಿಪುಣೆ, ಜಿನಭಕ್ತೆ. ದೇಹಕ್ಕೆ ರೋಗ ಬಂದಾಗ ಮಗಳನ್ನು ಕರೆದು ಎಲ್ಲವನ್ನೂ ಅವಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಳು. ಮಗಳಿಗೆ ಆಡಳಿತ ಕಲಿಸಿದವರು ಯಾರೆಂದು ಶಾಸನ ಹೇಳುವುದಿಲ್ಲ. ಆದರೆ ಎಪ್ಪತ್ತು ಹಳ್ಳಿಗಳ ಹೊಣೆಯನ್ನು ಏನೂ ಕಲಿಯದವಳ ಕೈಗೆ ಯಾರೂ ಕೊಡುವುದಿಲ್ಲ. ಕಲಿಸುವುದು, ಒಪ್ಪಿಸುವುದು, ತಾನು ಸರಿದುಕೊಳ್ಳುವುದು ಮೂರೂ ಇಲ್ಲಿ ಒಂದೇ ವ್ರತದ ಭಾಗಗಳಾಗಿವೆ. ಉಪನಯನದಲ್ಲಿ ತಾಯಿ ಮಗನನ್ನು ಗುರುವಿಗೆ ಒಪ್ಪಿಸುತ್ತಾಳೆ. ಜಕ್ಕಿಯಬ್ಬೆ ಮಗಳಿಗೆ ಲೋಕವನ್ನೇ ಒಪ್ಪಿಸಿದಳು.

ಧರ್ಮಕ್ಕೆ ಮನೆಯ ಹೊರಗಿನ ಮುಖವೂ ಇದೆ, ಮನೆಶಿಕ್ಷಣದ ಮೇಲಿನ ಬಲವಾದ ಆಕ್ಷೇಪ ಬರುವುದು ಅಲ್ಲಿಂದ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎನ್ನುತ್ತದೆ. ಸೇರಿಸದ ತಂದೆತಾಯಿಗೆ ಆ ಕಾಯ್ದೆಯಲ್ಲಿ ದಂಡನೆ ಇಲ್ಲ, ಮನೆಯಲ್ಲೇ ಓದಿಸುವವರು ಆ ಸಂದಿಯಲ್ಲಿ ಬದುಕುತ್ತಿದ್ದಾರೆ. ಶಾಲೆಯಿಂದ ಹೊರಗುಳಿದ ಮಕ್ಕಳ ಗಣತಿಗೆ ಬಂದವರಿಗೆ ಮನೆಯಲ್ಲಿ ಓದುವ ಮಗುವಿಗೂ ದನ ಕಾಯಲು ಹೋದ ಮಗುವಿಗೂ ಬೇರೆ ಬೇರೆ ಕಾಲಮ್ಮು ಸಿಗುವುದು ಕಷ್ಟ. ಕಾನೂನಿಗಿಂತ ಆಳದ ಸಂಗತಿ ಊಟದ ಸಾಲು. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಬಿಸಿಯೂಟದ ಯೋಜನೆಗೆ ಸರ್ಕಾರ ಇಟ್ಟ ಹೆಸರು ಅಕ್ಷರ ದಾಸೋಹ. ಶರಣರ ದಾಸೋಹ ಸರ್ಕಾರಿ ಶಾಲೆಯ ಜಗಲಿಗೆ ಬಂದಿತು. ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ತಟ್ಟೆ ಇಟ್ಟು ಕೂರುವ ಜಾಗ ಹಳ್ಳಿಯಲ್ಲಿ ಅದೊಂದೇ ಇರಬಹುದು. ಮನೆಯ ಊಟದ ಪಂಕ್ತಿ ಎಷ್ಟೇ ಪ್ರೀತಿಯದಾದರೂ ಒಂದೇ ಜಾತಿಯ ಪಂಕ್ತಿ. ತಾಯಿ ಎಷ್ಟು ಒಳ್ಳೆಯ ಗುರುವಾದರೂ ಪಕ್ಕದ ತಟ್ಟೆಯವನನ್ನು ಅವಳು ಒಬ್ಬಳೇ ಸೃಷ್ಟಿಸಿ ಕೊಡಲಾರಳು. ಸಹಪಂಕ್ತಿಯನ್ನು ಧರ್ಮವೆಂದು ನಂಬುವ ಮನೆಗೆ ಈ ಕೊರತೆ ಸಣ್ಣದಲ್ಲ. ಅಂಗಳದಲ್ಲಿ ಕೇರಿಯ ಮಕ್ಕಳನ್ನೂ ಸೇರಿಸಿ ಕಲಿಸುವ ಮನೆ ಈ ಆಕ್ಷೇಪಕ್ಕೆ ಅರ್ಧ ಉತ್ತರ ಕೊಟ್ಟಂತೆ. ಅವರನ್ನು ಒಳಗೆ ಕರೆದು ಒಟ್ಟಿಗೆ ಉಣಿಸುವ ಮನೆ ಪೂರ್ತಿ ಉತ್ತರ ಕೊಡುತ್ತದೆ.

2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ರಾಜ್ಯದ ಎಲ್ಲ ತಾಯಂದಿರಿಗೂ ಒಲ್ಲದ ಮನೆಶಿಕ್ಷಣ ಗಂಟುಬಿತ್ತು. ಚಂದನ ವಾಹಿನಿಯಲ್ಲಿ ಪಾಠಗಳು ಬಂದವು, ವಿದ್ಯಾಗಮ ಯೋಜನೆಯಲ್ಲಿ ಮೇಷ್ಟ್ರುಗಳು ದೇವಸ್ಥಾನದ ಕಟ್ಟೆಗಳಿಗೆ, ಮರದ ನೆರಳಿಗೆ ಬಂದು ಕಲಿಸಿದರು, ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದರು. ಓದಿದ ತಾಯಿ ಇದ್ದ ಮನೆಗೂ ಕೂಲಿಗೆ ಹೋಗುವ ತಾಯಿಯ ಮನೆಗೂ ಇರುವ ಅಂತರ ಆಗ ನಿಚ್ಚಳವಾಗಿ ಕಂಡಿತು. ತಾಯಿಯೇ ಕಲಿಸಬೇಕು ಎಂಬುದನ್ನು ಎಲ್ಲರ ಧರ್ಮವೆಂದು ಸಾರುವವರು ಗದ್ದೆ ನಾಟಿಗೆ ಹೋಗಿ ಸಂಜೆ ಬರುವವಳನ್ನು ಅಧರ್ಮಿಯಾಗಿಸುತ್ತಾರೆ. ಆದ್ದರಿಂದ ಇದನ್ನು ಸಾಮಾನ್ಯ ಧರ್ಮವೆನ್ನುವುದು ಸರಿಯಾಗದು. ಅನುಕೂಲವಿದ್ದವರು ಬೇಕೆಂದು ಹಿಡಿಯುವ ವ್ರತವೆನ್ನಬಹುದು.

ವ್ರತಕ್ಕೆ ಉದ್ಯಾಪನೆಯೂ ಇರಬೇಕಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಮನೆಯಲ್ಲಿ ಓದಿದ ಮಕ್ಕಳಿಗೆ ಮೂರು, ಐದು, ಎಂಟನೇ ತರಗತಿಗಳಿಗೆ ಸಮನಾದ ಹಂತಗಳನ್ನು ಇಟ್ಟಿದೆ; 14 ತುಂಬಿದವರು ಹತ್ತನೆಯ ತರಗತಿಯ ಪರೀಕ್ಷೆಗೆ ನೇರವಾಗಿ ಕೂರಬಹುದು. ಅರ್ಜಿ ತುಂಬುವುದು, ಪರೀಕ್ಷಾ ಕೇಂದ್ರ ಹುಡುಕುವುದು, ಮಗುವನ್ನು ಬಸ್ಸು ಹತ್ತಿಸಿ ಕರೆದೊಯ್ಯುವುದು ಎಲ್ಲ ಮತ್ತೆ ತಾಯಿಯ ಪಾಲಿಗೇ ಬರುವ ಕೆಲಸಗಳು. ಉತ್ತರ ಪತ್ರಿಕೆಯನ್ನು ಮಾತ್ರ ಬೇರೆಯವರು ತಿದ್ದುತ್ತಾರೆ.